ಒಬ್ಬರ ಊರು, ಐದು ಸಾವಿರ ಪುಸ್ತಕ

ಅಮೆರಿಕದ ನೆಬ್ರಾಸ್ಕಾ ಬಯಲುಸೀಮೆಯಲ್ಲಿ ಮೊನೊವೈ ಎಂಬ ಊರಿದೆ. 1930ರ ದಶಕದಲ್ಲಿ ಅಲ್ಲಿ ಸುಮಾರು 150 ಜನರಿದ್ದರು. ಬೇಸಾಯ ಕೈಹಿಡಿಯದೆ, ಕೆಲಸ ಅರಸಿ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಊರು ಬಿಟ್ಟರು. 1974ರಲ್ಲಿ ಶಾಲೆಗೂ ಬೀಗ ಬಿತ್ತು. 2000ರ ಜನಗಣತಿಯ ಹೊತ್ತಿಗೆ ಉಳಿದವರು ಇಬ್ಬರೇ: ರೂಡಿ ಐಲರ್ ಮತ್ತು ಅವರ ಪತ್ನಿ ಎಲ್ಸಿ.

ರೂಡಿಗೆ ಪುಸ್ತಕವೆಂದರೆ ಪ್ರಾಣ. ಗ್ರಂಥಾಲಯವೊಂದನ್ನು ತೆರೆಯುವ ಆಸೆ ಹೊತ್ತೇ 2004ರಲ್ಲಿ ತೀರಿಕೊಂಡರು. ಎಲ್ಸಿ ಆ ಆಸೆಯನ್ನು ಕೈಬಿಡಲಿಲ್ಲ. ಪುಟ್ಟ ಕೊಠಡಿಯೊಂದರಲ್ಲಿ ಸುಮಾರು 5,000 ಪುಸ್ತಕಗಳನ್ನು ಜೋಡಿಸಿಟ್ಟರು. 2010ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಒಂದು! ಮೇಯರ್, ಖಜಾಂಚಿ, ಗ್ರಂಥಪಾಲಕಿ ಎಲ್ಲವೂ ಎಲ್ಸಿಯೇ.

ಓದುವವರೆಷ್ಟು ಮಂದಿ ಎಂದು ಅವರು ಎಣಿಸುತ್ತ ಕೂರಲಿಲ್ಲ. ಮೊದಲು ಕಪಾಟು ತುಂಬಿಸಿದರು. ಮಕ್ಕಳು ಓದುವುದಿಲ್ಲವೆಂದು ಕೊರಗುವ ಮನೆಗಳೂ ಅಲ್ಲಿಂದಲೇ ಆರಂಭಿಸಬಹುದಲ್ಲವೇ?