ಕರೆಯೋಲೆಯ ಬೆನ್ನಿನ ಮೇಲೆ

ನಮ್ಮ ಮನೆಯಲ್ಲಿ ಮದುವೆ ಕರೆಯೋಲೆಗಳ ಬೆನ್ನು ಖಾಲಿ ಉಳಿಯುವುದಿಲ್ಲ. ಮುಹೂರ್ತ ಎಷ್ಟು ಹೊತ್ತಿಗೆ ಎಂದು ನೋಡಲು ಹೋದವರಿಗೆ ಗಣಪತಿಯ ಹಿಂದೆಯೇ ನನ್ನ ಪೆನ್ಸಿಲ್ಲಿನ ಲಾಜಿಕ್ ಗೇಟುಗಳು ಸಿಗುತ್ತವೆ. "ಏನ್ರೀ, ಛತ್ರದ ವಿಳಾಸದ ಮೇಲೇ ಗೀಚಿದ್ದೀರಲ್ಲ!" ಎಂದು ಮನೆಯವಳು ಮೊನ್ನೆಯೂ ರೇಗಿದಳು. ನಾನು ಗೀಚುತ್ತಿದ್ದದ್ದೂ ವಿಳಾಸದ ವಿಷಯವನ್ನೇ ಎಂದು ಹೇಳುವ ಧೈರ್ಯ ಬರಲಿಲ್ಲ. ಕೆಲವರಿಗೆ ಪದಬಂಧ, ಕೆಲವರಿಗೆ ಸುಡೊಕು, ನನಗೆ ಡಿಕೋಡರ್.

ಡಿಕೋಡರ್ ಎಂದರೆ ವಿಳಾಸ ಓದಿ ಬಾಗಿಲು ತಟ್ಟುವ ಅಂಚೆಯಣ್ಣ. ಮೂರು ತಂತಿಯಲ್ಲಿ ಸೊನ್ನೆ-ಒಂದುಗಳಾಗಿ ಸಂಖ್ಯೆ ಬರುತ್ತದೆ. ಎಂಟು ಮನೆಗಳಲ್ಲಿ ಒಂದರ ಬಾಗಿಲನ್ನು ಮಾತ್ರ ಆತ ತಟ್ಟುತ್ತಾನೆ. ಎಂಟು ತಂತಿಯಾದರೆ ಮನೆ 256. ಕಂಪ್ಯೂಟರಿನ ಮೆಮೊರಿಯಲ್ಲಿ ಯಾವ ಸಾಲು ತೆರೆಯಬೇಕು ಎಂದು ತೀರ್ಮಾನಿಸುವವನೂ ಇವನೇ.

ನನಗೆ ಇವನ ಪರಿಚಯವಾದದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ. ಡಿಪ್ಲೊಮಾ ಓದುವಾಗ ಅಲ್ಲಿಂದ ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ತಂದ 74ಎಲ್‌ಎಸ್138, ಹದಿನಾರು ಕಾಲಿನ ಕರಿ ಜಿರಳೆಯಂತಿತ್ತು. ವಿಳಾಸ ಕೊಟ್ಟ ಸುಮಾರು 20 ನ್ಯಾನೊಸೆಕೆಂಡಿನಲ್ಲಿ ಉತ್ತರ ಹೇಳುತ್ತದೆ. ಅಷ್ಟರಲ್ಲಿ ಬೆಳಕು ಹೋಗುವುದು ಆರು ಮೀಟರ್, ನಮ್ಮ ಅಡುಗೆಮನೆಯಿಂದ ಬೀದಿ ಬಾಗಿಲಿಗೆ. ಆದರೆ ನಾನು ಮರುಳಾದದ್ದು ಚಿಪ್ಪನ್ನು ಎಚ್ಚರಿಸುವ ಅದರ ಮೂರು ಎನೇಬಲ್ ಪಿನ್ನುಗಳಿಗೆ. ಎರಡು, ಸೊನ್ನೆ ಕೊಟ್ಟರೆ ಒಪ್ಪುವಂಥವು. ಇನ್ನೊಂದು, ಒಂದು ಕೊಟ್ಟರೆ ಒಪ್ಪುವಂಥದ್ದು. ಇದೆಂಥ ವಕ್ರಬುದ್ಧಿ ಎಂದುಕೊಂಡಿದ್ದೆ. ಎಂಟರ ಬದಲು ಹದಿನಾರು ಮನೆ ಬೇಕಾದ ದಿನ ಅರ್ಥವಾಯಿತು: ನಾಲ್ಕನೆಯ ತಂತಿಯನ್ನು ಒಂದು ಚಿಪ್ಪಿನ, ಸೊನ್ನೆ ಒಪ್ಪುವ ನಾಲ್ಕನೇ ಪಿನ್ನಿಗೂ ಇನ್ನೊಂದರ, ಒಂದು ಒಪ್ಪುವ ಆರನೇ ಪಿನ್ನಿಗೂ ಕೊಟ್ಟರೆ ಸಾಕು. ಸೊನ್ನೆ ಬಂದಾಗ ಒಂದು ಎಚ್ಚರ, ಒಂದು ಬಂದಾಗ ಇನ್ನೊಂದು. ನಡುವೆ ಸೊನ್ನೆ-ಒಂದನ್ನು ತಿರುವಿಹಾಕುವ ಇನ್ವರ್ಟರ್ ಕೂಡ ಬೇಡ. ಯಾರೋ ಪುಣ್ಯಾತ್ಮ ನನ್ನ ಕಷ್ಟವನ್ನು ಮೊದಲೇ ಊಹಿಸಿ ಆ ಕಾಲು ಇಟ್ಟಿದ್ದ.

ಚಿಕ್ಕದಾಗಿ ಕಟ್ಟುವ ರುಚಿ ಹತ್ತಿಸಿದ್ದು ಮಾತ್ರ ಏಳು ಕಡ್ಡಿಗಳಲ್ಲಿ ಬೆಳಗುವ ಸೆವೆನ್ ಸೆಗ್ಮೆಂಟ್ ಅಂಕೆಗಳು. ಅವುಗಳ ಕೆಳಗಿನ ಬಲಗಡ್ಡಿ 0ಯಿಂದ 9ರವರೆಗೆ 2ರಲ್ಲಿ ಮಾತ್ರ ಆರುತ್ತದೆ. 2 ಎಂದರೆ 0010. ನಾಲ್ಕೂ ಬಿಟ್ ನೋಡಬೇಕು ತಾನೆ? ಬೇಡ. ಕಡೆಯ ಮೂರು ಬಿಟ್ 010 ಆಗುವ ಇನ್ನೊಂದು ಸಂಖ್ಯೆ 10. ಒಂದೇ ಅಂಕೆಯ ಜಾಗಕ್ಕೆ ಅದು ಬರುವುದೇ ಇಲ್ಲ. ಬಾರದ ನೆಂಟನಿಗೆ ಎಲೆ ಹಾಕುವುದೇಕೆ? ಮೊದಲ ಬಿಟ್ ಕೈಬಿಟ್ಟು, ಮೂರು ಬಿಟ್ ನೋಡುವ ಒಂದೇ ಗೇಟಿನಲ್ಲಿ ಕೆಲಸ ಮುಗಿಸಬಹುದು. ಗೇಟು ಉಳಿಸಲೆಂದು ಮಾರಿಸ್ ಕಾರ್ನೊ 1953ರಲ್ಲಿ ಕೊಟ್ಟ ನಕ್ಷೆಯ ಚೌಕಗಳಲ್ಲಿ ಇಂಥವನ್ನು ಸುತ್ತು ಹಾಕಿ ಹಾಕಿ ನಾನು ಎಷ್ಟೋ ಬಸ್ಸು ತಪ್ಪಿಸಿಕೊಂಡಿದ್ದೇನೆ.

ಈಗ 256 ಮನೆಗಳ ಕಥೆ. ಪ್ರತಿ ಮನೆಗೂ ಎಂಟು ತಂತಿ ನೋಡುವ ಒಂದೊಂದು ಆಂಡ್ ಗೇಟ್ ಇಟ್ಟರೆ 256 ಗೇಟು, ಒಟ್ಟು 2048 ಒಳದಾರಿ. ಇದು ಹೇಗೆಂದರೆ, ಟಾಕೀಸಿನಲ್ಲಿ ಪ್ರತಿ ಸೀಟಿನ ಪಕ್ಕಕ್ಕೂ ಒಬ್ಬನನ್ನು ನಿಲ್ಲಿಸಿ, ಬಂದ ಟಿಕೆಟನ್ನು ಎಲ್ಲರೂ ಮೊದಲ ಅಕ್ಷರದಿಂದ ಕೊನೆಯ ಅಂಕೆಯವರೆಗೆ ಓದಿ ಎಂದಂತೆ. ಯಾವ ಟಾಕೀಸಿನವನೂ ಹಾಗೆ ಮಾಡುವುದಿಲ್ಲ. ಸಾಲು ಯಾವುದು ಎಂದು ಒಂದು ಸಲ ನೋಡುತ್ತಾನೆ, ಸಾಲಿನಲ್ಲಿ ಎಷ್ಟನೆಯದು ಎಂದು ಇನ್ನೊಂದು ಸಲ. ಹದಿನಾರು ಸಾಲು, ಸಾಲಿಗೆ ಹದಿನಾರು ಸೀಟು.

ಹಾಗೆಯೇ ಎಂಟು ತಂತಿಯನ್ನು ಎರಡೆರಡಾಗಿ ನಾಲ್ಕು ಜೋಡಿ ಮಾಡಿ, ಪ್ರತಿ ಜೋಡಿಯನ್ನೂ ನಾಲ್ಕಾಗಿ ಬಿಡಿಸಿಕೊಳ್ಳುತ್ತೇನೆ: 16 ಗೇಟು. ಅವನ್ನು ಕೂಡಿಸಿ ಸಾಲಿಗೆ 16, ಸೀಟಿಗೆ 16: 32 ಗೇಟು. ಕೊನೆಗೆ ಸಾಲು-ಸೀಟು ಕೂಡಿಸುವ 256. ಗೇಟುಗಳು 304ಕ್ಕೆ ಏರಿದವು. ಆದರೆ ಎಲ್ಲವೂ ಎರಡೇ ಒಳದಾರಿಯವಾದ್ದರಿಂದ ಒಳದಾರಿಗಳು 608ಕ್ಕೆ ಇಳಿದವು. ಟ್ರಾನ್ಸಿಸ್ಟರುಗಳ ಲೆಕ್ಕ ನಡೆಯುವುದು ಒಳದಾರಿಗಳ ಮೇಲೆ. ಗೇಟು ಹೆಚ್ಚಿಸಿ ಸರ್ಕ್ಯೂಟನ್ನು ಚಿಕ್ಕದು ಮಾಡುವ ಈ ಚಮತ್ಕಾರವನ್ನು ಮೊದಲ ಸಲ ಕಂಡಾಗ ಮೂರು ಸಲ ಕೂಡಿ ನೋಡಿದ್ದೆ. ಈಗಲೂ ಹೊಸ ಕರೆಯೋಲೆ ಸಿಕ್ಕರೆ ಸುಮ್ಮನೆ ಒಮ್ಮೆ ಕೂಡುತ್ತೇನೆ.

ಚಿಕ್ಕದಾದದ್ದು ನಿಧಾನವಾಯಿತೋ ಎಂದರೆ, ಇಲ್ಲ. ಹಳೆಯ ಬಗೆಯಲ್ಲಿ ಒಂದು ತಂತಿ 128 ಗೇಟುಗಳನ್ನು ಎಬ್ಬಿಸಬೇಕು. ಒಂದೇ ನಲ್ಲಿಗೆ 128 ಕೊಡ ಸಾಲು ಹಚ್ಚಿದಂತೆ. ಹೊಸದರಲ್ಲಿ ಕೊನೆಯ ಹಂತದ ಪ್ರತಿ ತಂತಿಗೂ ಹದಿನಾರೇ ಕೊಡ. ಮೇಲಾಗಿ ಹಳೆಯ ಬಗೆಯ ಆಂಡ್ ಗೇಟಿನೊಳಗಿರುವ ಎಂಟು ಒಳದಾರಿಯ ನ್ಯಾಂಡ್ ಗೇಟಿನಲ್ಲಿ ಎಂಟು ಟ್ರಾನ್ಸಿಸ್ಟರು ಒಂದರ ಹಿಂದೊಂದು ನಿಂತಿರುತ್ತವೆ. ಅಷ್ಟೂ ಬಾಗಿಲು ದಾಟುವಷ್ಟರಲ್ಲಿ ಕರೆಂಟು ಸುಸ್ತಾಗುತ್ತದೆ. ಹಾಗೆಂದು ಸೀಳುತ್ತಲೇ ಹೋದರೆ ಹಂತಗಳು ಹೆಚ್ಚಿ ಮತ್ತೆ ತಡ. ಎಲ್ಲಿ ನಿಲ್ಲಿಸಬೇಕೆಂಬ ಲೆಕ್ಕವನ್ನು ಸದರ್ಲೆಂಡ್, ಸ್ಪ್ರೌಲ್, ಹ್ಯಾರಿಸ್ ಮೂವರೂ 1999ರ 'ಲಾಜಿಕಲ್ ಎಫರ್ಟ್' ಪುಸ್ತಕದಲ್ಲಿ ಬೆರಳೆಣಿಕೆಯಷ್ಟು ಸುಲಭ ಮಾಡಿಟ್ಟಿದ್ದಾರೆ. ಉಪ್ಪು ಎಷ್ಟು ಎಂದು ಹೇಳುವ ಅಡುಗೆ ಪುಸ್ತಕಕ್ಕಿಂತ ಅದು ಮೇಲು.

ಈ ಹುಚ್ಚು ನನಗೆ ಅವಮಾನವನ್ನೂ ಮಾಡಿದೆ. ಓಣಿಯ ಗಣಪತಿ ಪೆಂಡಾಲಿಗೆಂದು ಎಂಟು ದೀಪ ಒಂದಾದ ಮೇಲೊಂದು ಓಡುವ ಬೋರ್ಡು ಕಟ್ಟಿದೆ. ಕ್ಲಾಕಿನ ಮಿಡಿತಗಳನ್ನು 7493 ಕೌಂಟರು ಎಣಿಸುತ್ತದೆ, 138 ಬಿಡಿಸುತ್ತದೆ. ಎಷ್ಟು ಸುತ್ತಾಯಿತು ಎಂದು ತೋರಿಸಲು ಸೊನ್ನೆಯ ತಂತಿಯನ್ನು ಇನ್ನೊಂದು ಕೌಂಟರಿಗೆ ಕೊಟ್ಟೆ. ದೀಪಗಳು ಅಚ್ಚುಕಟ್ಟಾಗಿ ಓಡಿದವು. ಸುತ್ತಿನ ಲೆಕ್ಕ ಮಾತ್ರ ಒಮ್ಮೆ ಎರಡು, ಒಮ್ಮೆ ಮೂರು ಹಾರಿತು. "ಅಂಕಲ್, ನಿಮ್ಮ ಮೀಟರು ಆಟೋ ಮೀಟರಿಗಿಂತ ಜೋರು" ಎಂದ ಒಬ್ಬ ಪೋರ.

ಎರಡು ರಾತ್ರಿ ನಿದ್ದೆಗೆಟ್ಟು, ಕಾಗದದಲ್ಲಿ ಬರೆದಾಗ ಕಳ್ಳ ಸಿಕ್ಕಿದ. 7493ರ ಬಿಟ್ಟುಗಳು ಒಟ್ಟಿಗೆ ಬದಲಾಗುವುದಿಲ್ಲ. ಒಂದು ಬಿದ್ದ ಮೇಲೆ ಮುಂದಿನದು ಬದಲಾಗುತ್ತದೆ. 1ರಿಂದ 2ಕ್ಕೆ ಹೋಗುವಾಗ ಕ್ಷಣಾಂಶ ಸೊನ್ನೆ. 3ರಿಂದ 4ಕ್ಕೆ ಹೋಗುವಾಗ 2, ಆಮೇಲೆ ಮತ್ತೆ ಸೊನ್ನೆ. ನಮ್ಮ ಕಣ್ಣಿಗೆ ಕಾಣದ ಆ ಸೊನ್ನೆಗಳನ್ನೆಲ್ಲ ಅಂಚೆಯಣ್ಣ ನಿಷ್ಠೆಯಿಂದ ಬಾಗಿಲು ತಟ್ಟಿ ತಲುಪಿಸಿದ್ದ. ತಪ್ಪು ಅವನದಲ್ಲ. 5 ವೋಲ್ಟಿಗೆ ಕಟ್ಟಿದ್ದ ಆರನೇ ಪಿನ್ನನ್ನು ಬಿಚ್ಚಿ ಕ್ಲಾಕಿಗೆ ಹಾಕಿದೆ. 7493 ಬದಲಾಗುವುದು ಕ್ಲಾಕ್ ಬಿದ್ದಾಗ. ಅದು ಮತ್ತೆ ಏಳುವಷ್ಟರಲ್ಲಿ ಬಿಟ್ಟುಗಳು ತಣ್ಣಗೆ ಕೂತಿರುತ್ತವೆ. ದೀಪಗಳು ಒಂದಿಷ್ಟು ಮಂಕಾದವು, ಲೆಕ್ಕ ಸರಿಯಾಯಿತು. ಒಂದೇ ತಂತಿಯ ರಿಪೇರಿ. ವಿಸರ್ಜನೆಗೆ ಇನ್ನೂ ಒಂದು ದಿನ ಬಾಕಿಯಿತ್ತು.

ಈಗ ಹತ್ತು ತಂತಿಯದು, 1024 ಮನೆಯದು, ಕೈಯಲ್ಲಿದೆ. ಐದೈದಾಗಿ ಸೀಳಲೋ, ಮೂರು-ಮೂರು-ನಾಲ್ಕಾಗಿಯೋ ಎಂಬ ಜಗಳ ನಡೆದಿದೆ. ನಿಮ್ಮ ಮನೆಯಲ್ಲಿ ಹಳೆಯ ಕರೆಯೋಲೆಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ನನಗೆ ಕೊಡಿ. ಹೊಳಪಿನ ಕಾಗದದವು ಮಾತ್ರ ಬೇಡ, ಪೆನ್ಸಿಲ್ ಹಿಡಿಯುವುದಿಲ್ಲ.