ಎಲ್ಲಿ ಎಂದು ತಿಳಿಯುತ್ತದೆ, ಯಾವಾಗ ಎಂದು ತಿಳಿಯುವುದಿಲ್ಲ

ಬ್ರಹ್ಮಾವರದ ಕಡೆ ಏಪ್ರಿಲ್ ಕಳೆಯುತ್ತಿದ್ದಂತೆ ಬಾವಿಯ ಕೆಸರು ತೆಗೆಸುವ ಕೆಲಸ ಶುರುವಾಗುತ್ತದೆ. ಪಕ್ಕದ ಹಿತ್ತಿಲಲ್ಲಿ ಹಗ್ಗ ಹಿಡಿದು ಇಳಿಯಲು ಹೊರಟ ಹುಡುಗನನ್ನು ಹಿರಿಯ ಕೆಲಸಗಾರರು ತಡೆದರು: "ತಡಿ ಮಾಣಿ, ದೀಪ ಇಳ್ಸಿ ಕಾಂಬ." ಬಕೆಟಿನಲ್ಲಿ ಮೇಣದಬತ್ತಿ ಹಚ್ಚಿಟ್ಟು ರಾಟೆಯ ಮೇಲೆ ಬಿಟ್ಟರು. ನೀರಿಗೆ ಇನ್ನೇನು ಒಂದು ಮೊಳ ಇದೆ ಅನ್ನುವಾಗ ಜ್ವಾಲೆ ಕುಗ್ಗಿ ನಂದಿತು. ಸೊಪ್ಪಿನ ಗೆಲ್ಲನ್ನು ಹಗ್ಗಕ್ಕೆ ಕಟ್ಟಿ ಸುಮಾರು ಹೊತ್ತು ಮೇಲೆ ಕೆಳಗೆ ಆಡಿಸಿ, ಮತ್ತೆ ದೀಪ ಇಳಿಸಿದರು. ಈ ಸಲ ಉರಿಯಿತು. ಆಮೇಲೆ ಹುಡುಗ ಇಳಿದ.

ಗಾಳಿಯಲ್ಲಿ ಆಮ್ಲಜನಕ ಶೇ. 21ರಿಂದ 16-17ಕ್ಕೆ ಇಳಿದರೆ ಮೇಣದಬತ್ತಿ ಆರುತ್ತದೆ. ಮನುಷ್ಯನಿಗೆ ಅಷ್ಟರಲ್ಲಿ ಇನ್ನೂ ಪ್ರಜ್ಞೆ ಇರುತ್ತದೆ. ದೀಪಕ್ಕೂ ಮನುಷ್ಯನಿಗೂ ನಡುವಿನ ಈ ಅಂತರವೇ ಜೀವ ಉಳಿಸುವುದು. ಆದರೆ ಬಾವಿಯೊಳಗೆ ಡೀಸೆಲ್ ಪಂಪು ಇಳಿಸಿ ಓಡಿಸಿದ್ದರೆ? ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ದೀಪವನ್ನು ಆರಿಸುವುದಿಲ್ಲ. ದೀಪ ಚೆನ್ನಾಗಿ ಉರಿಯುತ್ತಿರುವಾಗಲೇ ಆಳು ಕುಸಿದು ಬೀಳಬಹುದು. ನಮ್ಮ ಊರುಗಳಲ್ಲಿ ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು ಅನಿಸುತ್ತದೆ. ಗಣಿಗಳಲ್ಲಿ ಈ ಅನಿಲವನ್ನು ಹಿಡಿಯಲೆಂದೇ ಕೆನರಿ ಹಕ್ಕಿಯನ್ನು ಒಯ್ಯುತ್ತಿದ್ದರು, ಬ್ರಿಟನ್ನಿನಲ್ಲಿ 1986ರವರೆಗೂ.

ಗಾಳಿಯ ಮಾತು ಇಷ್ಟು. ನನಗೆ ಬಗೆಹರಿಯದಿರುವುದು ಕಲ್ಲಿನ ಮಾತು.

ಕೋಲಾರದ ಚಿನ್ನದ ಗಣಿ, ಅದರಲ್ಲೂ ಚಾಂಪಿಯನ್ ರೀಫ್, 3 ಕಿ.ಮೀ.ಗಿಂತ ಆಳಕ್ಕೆ ಹೋಗಿತ್ತು. ಅಷ್ಟು ಕೆಳಗೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಮೇಲಿನ ಬಂಡೆಯ ಭಾರವೇ 800 ಕಿಲೋ ದಾಟುತ್ತದೆ. ಅದಿರು ತೆಗೆದು ಟೊಳ್ಳು ಮಾಡಿದಾಗ ಆ ಭಾರ ಅಕ್ಕಪಕ್ಕದ ಬಂಡೆಗೆ ಸರಿಯುತ್ತದೆ. ಮೆತ್ತನೆಯ ಕಲ್ಲಾಗಿದ್ದರೆ ನಿಧಾನಕ್ಕೆ ಬಾಗುತ್ತಿತ್ತೇನೋ. ಕೋಲಾರದ್ದು ಗಡುಸು ಕಲ್ಲು, ತಡೆದು ತಡೆದು ಒಮ್ಮೆಲೇ ಸಿಡಿಯುತ್ತದೆ. ಗಣಿಯವರು ಇದನ್ನು 'ಏರ್ ಬ್ಲಾಸ್ಟ್' ಅನ್ನುತ್ತಿದ್ದರು. ಮೇಲಿನ ಮನೆಗಳಿಗೂ ನಡುಕ ತಟ್ಟುತ್ತಿತ್ತು.

ಸಿಡಿಯುವ ಮೊದಲು ಬಂಡೆ ಸುಮ್ಮನಿರುವುದಿಲ್ಲ. ಒಳಗೆ ಸಣ್ಣ ಸಣ್ಣ ಬಿರುಕು ಬಿಡುವ ಸದ್ದು ಬರುತ್ತದೆ, ಹೆಚ್ಚಿನದು ಕಿವಿಗೆ ಕೇಳದಷ್ಟು ಸಣ್ಣದು. 1978ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಕೋಲಾರದಲ್ಲಿ ನೆಲದ ಮೇಲೂ ಗಣಿಯೊಳಗೂ ಜಿಯೋಫೋನುಗಳ ಜಾಲ ಹಾಕಿದ್ದು ಈ ಸದ್ದು ಕೇಳಲಿಕ್ಕೆ. ಗಟ್ಟಿ ಬಂಡೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಒಂದು ಜಿಯೋಫೋನಿಗಿಂತ ಇನ್ನೊಂದಕ್ಕೆ ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗಿ ತಲುಪಿತು ಅಂದರೆ ದೂರದಲ್ಲಿ 600 ಮೀಟರ್ ವ್ಯತ್ಯಾಸ. ಹೀಗೆ ನಾಲ್ಕಾರು ಕಡೆಯ ಲೆಕ್ಕ ಕೂಡಿಸಿದರೆ ಬಿರುಕು ಬಿಟ್ಟ ಜಾಗ ಸಿಗುತ್ತದೆ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಈ ಗಣಿಯ ಊರಾದ ಕೆಜಿಎಫ್‌ನಲ್ಲೇ.

ಜಾಗ ಸಿಗುತ್ತದೆ, ಸರಿ. ಹೊತ್ತು? ಕೆಲವು ಸಲ ಸದ್ದು ಏರುತ್ತ ಹೋಗಿ ಸಿಡಿಯುತ್ತದೆ. ಕೆಲವು ಸಲ ಏರಿ ತಣ್ಣಗಾಗುತ್ತದೆ. ಇನ್ನು ಕೆಲವು ಸಲ ಸದ್ದೇ ಇಲ್ಲದೆ ಸಿಡಿತ. ಹಾಗಾದರೆ ಗಣಿಯ ಅಧಿಕಾರಿ ಏನು ಮಾಡಬೇಕು? ಸದ್ದು ಹೆಚ್ಚಿದಾಗಲೆಲ್ಲ ಆಳುಗಳನ್ನು ಹೊರಗೆ ಕಳಿಸಬೇಕು. ಹತ್ತು ಸಲ ಏನೂ ಆಗದೆ ಹೋದರೂ ಹನ್ನೊಂದನೇ ಸಲ ಕಳಿಸಬೇಕು. ಒಂದು ಪಾಳಿಯ ಚಿನ್ನ ಹೋದರೆ ಹೋಗಲಿ. ಇದರಲ್ಲಿ ನನಗೆ ಗೊಂದಲವಿಲ್ಲ.

ಇನ್ನೂ ಮುಖ್ಯವಾದದ್ದು, ಸಿಡಿಯದ ಹಾಗೆ ಅಗೆಯುವುದು. ಮರದ ಆಸರೆ ಸಾಲದೆಂದು ಕೋಲಾರದಲ್ಲಿ ಟೊಳ್ಳಿನೊಳಗೆ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿದರು, ಆಮೇಲೆ ಕಾಂಕ್ರೀಟ್ ತುಂಬಿದರು. ನಡುನಡುವೆ ಅಗೆಯದೆ ಬಿಟ್ಟ ತುಂಡು ಕಂಬಗಳೇ ಭಾರವನ್ನೆಲ್ಲ ಎಳೆದುಕೊಂಡು ಸಿಡಿಯುತ್ತವೆಂದು ಅರ್ಥವಾದ ಮೇಲೆ ಅಗೆಯುವ ಕ್ರಮವನ್ನೇ ಬದಲಿಸಿದರು. ನಮ್ಮಲ್ಲೂ ಅಷ್ಟೆ, ಮುರಕಲ್ಲಿನ ಕೆಳಗೆ ಕುಸಿಯುವ ಶೇಡಿ ಮಣ್ಣು ಬಂತೆಂದರೆ ಬಾವಿ ತೋಡುವವರು ಮುಂದೆ ಹೋಗುವುದಿಲ್ಲ. ಮೊದಲು ಕಾಂಕ್ರೀಟ್ ರಿಂಗ್ ಇಳಿಸುತ್ತಾರೆ.

ನೀರಿನ ಅಪಾಯ ಬೇರೆ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾ ಕಲ್ಲಿದ್ದಲು ಗಣಿಗೆ ಹಳೆಯ ಗಣಿಯಲ್ಲಿ ನಿಂತಿದ್ದ ನೀರು ನುಗ್ಗಿ 375 ಮಂದಿ ಸತ್ತರು. ಅಲ್ಲಿ ಜಿಯೋಫೋನಿಗಿಂತ ಮೊದಲು ಬೇಕಿದ್ದದ್ದು ಸರಿಯಾದ ನಕ್ಷೆ, ಮುಂದಕ್ಕೆ ತೂತು ಕೊರೆದು ನೀರಿದೆಯೇ ಎಂದು ನೋಡುವ ತಾಳ್ಮೆ.

ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನೀರೆತ್ತುವುದು ನಿಂತು ಸುರಂಗಗಳಲ್ಲಿ ನೀರು ಏರಿತು. ಅಗೆತವಿಲ್ಲ, ಡೈನಮೈಟಿಲ್ಲ, ಆದರೂ ಕೆಳಗೆ ಬಂಡೆ ಸಿಡಿಯುವುದು ನಿಲ್ಲಲಿಲ್ಲ. ಉಪಕರಣಗಳು ಆ ನಡುಕಗಳನ್ನು ಬರೆದುಕೊಂಡಿವೆ. ಬಿರುಕುಗಳಿಗೆ ನೀರು ಹೊಕ್ಕು ಹಿಡಿತ ಸಡಿಲವಾಗುತ್ತದೆ ಅನ್ನುವ ವಿವರಣೆ ಒಪ್ಪುವಂತಿದೆ. ಆದರೆ ಇದು ಎಷ್ಟು ವರ್ಷ? ಮೇಲೆ ಈಗಲೂ ಜನ ಇದ್ದಾರೆ, ಶಾಲೆಗಳಿವೆ, ಹಳೆಯ ಗೋಡೆಯ ಲೈನ್ ಮನೆಗಳಿವೆ. ಚಿನ್ನ ತೆಗೆಯುವುದು ಮುಗಿದಿದ್ದರೂ ಅಲ್ಲಿ ಕಿವಿಗೊಟ್ಟು ಕೇಳುವ ಕೆಲಸ ಮುಗಿದಿಲ್ಲ. ಅದಕ್ಕೆ ಪ್ರತಿವರ್ಷ ದುಡ್ಡು ಎತ್ತಿಡಬೇಕು.