ಅತ್ತೆಯ ಪೇರಲೆ ಮರ

ಜುಲೈ ತಿಂಗಳ ಒಂದು ಭಾನುವಾರ. ಶಿವಮೊಗ್ಗದ ಬಸ್ ನಿಲ್ದಾಣದ ಬಳಿ ಗಾಡಿಯವ ಕೊನೆಯ ಮಾವಿನಹಣ್ಣುಗಳನ್ನು ಅಗ್ಗಕ್ಕೆ ಕೂಗುತ್ತಿದ್ದ. ಮಗಳ ಹಟಕ್ಕೆ ಎರಡು ಕೆ.ಜಿ. ಕೊಂಡು ಭದ್ರಾವತಿಯ ಬಸ್ ಹತ್ತಿದೆ. ತುಂಗೆಯ ಊರಿನಿಂದ ಭದ್ರೆಯ ಊರಿಗೆ ಎಷ್ಟು ಹೊತ್ತಿನ ದಾರಿ! ಜಡಿಮಳೆಗೆ ಕಿಟಕಿ ಮುಚ್ಚಿ ಕೂತರೆ ಬುಟ್ಟಿಯ ಹಣ್ಣಿನ ವಾಸನೆ ಬಸ್ಸಿಗೆಲ್ಲ.

ಅತ್ತೆಯ ಮನೆ, 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಹಳೆಯ ವಸತಿ ಸಾಲಿನಾಚೆ. ಹಿತ್ತಿಲಲ್ಲಿ ನಾನು ಚಿಕ್ಕಂದಿನಲ್ಲಿ ಹತ್ತಿಳಿದ ಪೇರಲೆ ಮರ. ಮಾವ ಅಂದು ಕೊಡಲಿ ಮಸೆಯುತ್ತಿದ್ದರು.

"ಮೂರು ವರ್ಷದಿಂದ ಒಂದು ಹಣ್ಣೂ ಬಾಯಿಗೆ ಬಿದ್ದಿಲ್ಲ. ಕೊಯ್ದರೆ ಬರೀ ಹುಳು. ಇನ್ಯಾಕೆ ಈ ಮರ?"

"ಮಳೆಗಾಲದ ಹಣ್ಣು ಮಾತ್ರ. ಚಳಿಗಾಲದ್ದು ಚೆನ್ನಾಗೇ ಇತ್ತಲ್ಲ?" ಎಂದರು ಅತ್ತೆ. ಅವರ ಮಾತಿನಲ್ಲೇ ಉತ್ತರವಿತ್ತು.

ನಾನು ತಂದ ಮಾವು ಹೆಚ್ಚಿದರೆ ಅದರೊಳಗೂ ಅದೇ ಬಿಳಿ ಹುಳು! ಇದು ಹಣ್ಣುನೊಣದ ಕೆಲಸ. ಹೆಣ್ಣು ನೊಣ ಸೂಜಿಯಂಥ ಬಾಲ ಚುಚ್ಚಿ ಸಿಪ್ಪೆಯಡಿ ಮೊಟ್ಟೆಯಿಡುತ್ತದೆ. ಒಂದೆರಡು ದಿನದಲ್ಲಿ ಮರಿಹುಳು ಹೊರಬಂದು ತಿರುಳು ತಿಂದು ಬೆಳೆಯುತ್ತದೆ, ಆಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ. ಬೇಸಿಗೆಯ ಸುಡುವ ಒಣಮಣ್ಣು ಕೋಶಕ್ಕೆ ಆಗದು. ಮುಂಗಾರಿನ ಮೊದಲ ಹನಿಗಳು ಮಣ್ಣನ್ನು ಹದಮಾಡುವ ಹೊತ್ತಿಗೇ ಮಾವೂ ಮಾಗುತ್ತದೆ, ನೊಣಕ್ಕೆ ಹಬ್ಬ. ಮಾವು ಮುಗಿಯಿತೆ? ಪಕ್ಕದಲ್ಲೇ ಪೇರಲೆ ಕಾದಿದೆ. ಚಳಿ ಬಂದಾಗ ಅದರ ಬೆಳವಣಿಗೆ ನಿಧಾನವಾಗಿ ಸಂಖ್ಯೆ ಇಳಿಯುತ್ತದೆ. 2014ರಲ್ಲಿ ಯುರೋಪ್ ಒಕ್ಕೂಟ ನಮ್ಮ ದೇಶದ ಮಾವನ್ನು ತಡೆದಿದ್ದೂ ಹಣ್ಣುನೊಣದ ಕಾರಣಕ್ಕೆ. ಮಾವನ ಹಿತ್ತಿಲೇನು ದೊಡ್ಡದು!

ಮರದಡಿಯ ಮಣ್ಣು ಕೆದಕಿದಾಗ ಅಕ್ಕಿಕಾಳಿನಷ್ಟು ಕಂದು ಕೋಶಗಳು ಸಿಕ್ಕವು. ಮಗಳು ಅವನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಗೆ ಹಾಕಿ ಬಟ್ಟೆ ಕಟ್ಟಿದಳು. (ಅವಳ ಅಮ್ಮ ಇಂದಿಗೂ ಆ ಬಾಟಲಿಯನ್ನು ಕ್ಷಮಿಸಿಲ್ಲ.) ವಾರದ ಮೇಲೆ ಕಣಜದಂಥ ಸಣ್ಣ ಸೊಂಟದ ಏಳು ನೊಣಗಳು ಹೊರಬಂದವು.

ಅಂದು ಸಂಜೆಯೇ ಉದುರಿದ ಹಣ್ಣುಗಳನ್ನೆಲ್ಲ ಆಯ್ದು ಆಳದ ಗುಂಡಿಯಲ್ಲಿ ಮುಚ್ಚಿದೆವು. ಎಳೆಗಾಯಿಗಳಿಗೆ ಕಾಗದದ ಚೀಲ ಕಟ್ಟಿದೆವು. ಜಜ್ಜಿದ ತುಳಸಿ ಎಲೆಯನ್ನು ಕರಟದಲ್ಲಿಟ್ಟರೆ ಗಂಡುನೊಣಗಳು ಸುಳಿಯುತ್ತವೆ. ಅಂಗಡಿಯಲ್ಲಿ ಸಿಗುವ ಮೋಹಕ ಬಲೆಯ ಗುಟ್ಟೂ ಅದೇ, ಮೀಥೈಲ್ ಯೂಜಿನಾಲ್. ಪಕ್ಕದ ಮನೆಯವರೂ ಹಣ್ಣು ಆಯದಿದ್ದರೆ ಮಾತ್ರ ನಮ್ಮ ಶ್ರಮ ವ್ಯರ್ಥ. ಅವರನ್ನು ಒಪ್ಪಿಸಲು ಅತ್ತೆಗೆ ಒಂದು ಬಟ್ಟಲು ಉಪ್ಪಿನಕಾಯಿ ಖರ್ಚಾಯಿತಂತೆ.

ಕಳೆದ ವಾರ ಮಾವ ಫೋನ್ ಮಾಡಿದ್ದರು. ಚೀಲ ಕಟ್ಟಿದ ಹನ್ನೊಂದರಲ್ಲಿ ಒಂಬತ್ತು ಹಣ್ಣು ಶುದ್ಧ. ಕೊಡಲಿ ಎಲ್ಲಿದೆ ಎಂದು ಮಗಳೇ ಕೇಳಿದಳು. ಅಟ್ಟದ ಮೇಲಂತೆ.